ಗೇರೋ, ತೈಲವೋ: ಎಡೆದೊರೆ ನಾಡಿನ ಟ್ರಾಕ್ಟರು ಕಥೆ



ಸುಗ್ಗಿಯ ದಿನಗಳಲ್ಲಿ ರಾಯಚೂರಿನ ಮಾರುಕಟ್ಟೆಯ ದಾರಿಯಲ್ಲಿ ಟ್ರಾಕ್ಟರುಗಳ ಸಾಲನ್ನು ನೀವು ಕಂಡಿರುತ್ತೀರಿ. ದೇವದುರ್ಗದ ಕಡೆಯಿಂದ ಹತ್ತಿ, ಮಾನ್ವಿಯ ಕಡೆಯಿಂದ ಭತ್ತ. ಟ್ರಾಕ್ಟರುಗಳ ಬಣ್ಣ ಬೇರೆ, ತಯಾರಿಸಿದ ಕಂಪನಿ ಬೇರೆ. ಆದರೆ ಚಾಲಕನ ಎಡಗಾಲಿನ ಕೆಳಗೆ ಕ್ಲಚ್ಚು, ಕೈಯಳತೆಯಲ್ಲಿ ಗೇರಿನ ಹಿಡಿ, ಇವು ಮಾತ್ರ ಬದಲಾಗುವುದಿಲ್ಲ. ಅಮೆರಿಕದಲ್ಲಿ ಮಾರಾಟವಾಗುವ ಎಷ್ಟೋ ಸಣ್ಣ ಟ್ರಾಕ್ಟರುಗಳಲ್ಲಿ ಹೊಲದೊಳಗೆ ಗೇರು ಬದಲಿಸುವ ಗೊಡವೆಯೇ ಇಲ್ಲ. ಪೆಡಲನ್ನು ಒತ್ತಿದಷ್ಟು ವೇಗ, ಕಾಲು ತೆಗೆದರೆ ನಿಲುಗಡೆ, ಇನ್ನೊಂದು ಕಡೆಗೆ ಒತ್ತಿದರೆ ಹಿನ್ನಡೆ. ಆ ವ್ಯವಸ್ಥೆಗೆ ಹೈಡ್ರೋಸ್ಟ್ಯಾಟಿಕ್ ಎಂದು ಹೆಸರು. ಅದು ನಮ್ಮ ಹೊಲಗಳಿಗೆ ಏಕೆ ಬರಲಿಲ್ಲ? ನಮ್ಮ ಬಡತನವೇ ಕಾರಣ ಎಂದು ಹೇಳಿ ಮುಗಿಸುವವರುಂಟು. ಆ ಉತ್ತರ ಅರ್ಧ ಮಾತ್ರ ಸರಿ. ಏಕೆಂದರೆ ಅದೇ ವ್ಯವಸ್ಥೆ ಮಾನ್ವಿಯ ಗದ್ದೆಗಳಿಗೆ ಬೇರೊಂದು ಬಾಗಿಲಿನಿಂದ ಬಂದಿದೆ.

ಮೊದಲು ಎರಡರ ಕೆಲಸವನ್ನು ನೋಡೋಣ. ಗೇರು ಪೆಟ್ಟಿಗೆಯಲ್ಲಿ ಎಂಜಿನ್ನಿನ ಶಕ್ತಿ ಹಲ್ಲಿನಿಂದ ಹಲ್ಲಿಗೆ ದಾಟಿ ಗಾಲಿಗಳನ್ನು ತಲುಪುತ್ತದೆ. ಸಣ್ಣ ಚಕ್ರವು ದೊಡ್ಡ ಚಕ್ರವನ್ನು ತಿರುಗಿಸಿದರೆ ವೇಗ ಇಳಿಯುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಎಷ್ಟು ಗೇರುಗಳಿವೆಯೋ ಅಷ್ಟೇ ಮೆಟ್ಟಿಲು; ಎರಡು ಮೆಟ್ಟಿಲುಗಳ ನಡುವೆ ನಿಲ್ಲಬೇಕಾದರೆ ಎಂಜಿನ್ನಿನ ವೇಗವನ್ನೇ ಏರಿಳಿಸಬೇಕು. ಹೈಡ್ರೋಸ್ಟ್ಯಾಟಿಕ್‌ನಲ್ಲಿ ಎಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ಓರೆಯಾಗಿ ನಿಂತ ತಟ್ಟೆಯೊಂದಿದೆ. ಅದಕ್ಕೆ ತಾಗಿದ ಪಿಸ್ಟನ್ನುಗಳು ತೈಲವನ್ನು ಬಹಳ ಒತ್ತಡದಲ್ಲಿ ಒಂದು ಮೋಟಾರಿಗೆ ನೂಕುತ್ತವೆ, ಮೋಟಾರು ಗಾಲಿಯನ್ನು ತಿರುಗಿಸುತ್ತದೆ. ತಟ್ಟೆಯ ಓರೆ ಹೆಚ್ಚಿದರೆ ತೈಲ ಹೆಚ್ಚು, ವೇಗ ಹೆಚ್ಚು. ತಟ್ಟೆ ನೆಟ್ಟಗಾದರೆ ಗಾಲಿ ನಿಲ್ಲುತ್ತದೆ, ಆಚೆ ಬದಿಗೆ ವಾಲಿದರೆ ಹಿಂದಕ್ಕೆ ತಿರುಗುತ್ತದೆ. ಇಲ್ಲಿ ಮೆಟ್ಟಿಲುಗಳಿಲ್ಲ, ಇಳಿಜಾರು ಮಾತ್ರ. ನೇಗಿಲನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಲಿಫ್ಟಿಗೂ ಇದಕ್ಕೂ ಗೊಂದಲ ಮಾಡಿಕೊಳ್ಳಬೇಡಿ. ಆ ಲಿಫ್ಟು ಗೇರಿನ ಟ್ರಾಕ್ಟರಿನಲ್ಲೂ ಇರುತ್ತದೆ.

ತೈಲದ ಈ ವಿದ್ಯೆ ಹುಟ್ಟಿದ್ದು ಹೊಲಕ್ಕಾಗಿ ಅಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಅಮೆರಿಕದ ವಿಲಿಯಮ್ಸ್ ಮತ್ತು ಜಾನಿ ಎಂಬಿಬ್ಬರು ರೂಪಿಸಿದ ಪಂಪು ಯುದ್ಧನೌಕೆಗಳ ಫಿರಂಗಿಗಳನ್ನು ಮೆಲ್ಲಗೆ, ನಿಖರವಾಗಿ ತಿರುಗಿಸಲು ಬಳಕೆಯಾಯಿತು. 1954ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಅದನ್ನು ಟ್ರಾಕ್ಟರಿಗೆ ಅಳವಡಿಸಿ ಪ್ರಯೋಗ ಮಾಡಿತು. 1967ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ ‘656’ ಎಂಬ ತನ್ನ ಟ್ರಾಕ್ಟರಿನ ಹೈಡ್ರೋಸ್ಟ್ಯಾಟಿಕ್ ಮಾದರಿಯನ್ನು ಅಮೆರಿಕದ ಮಾರುಕಟ್ಟೆಗೆ ತಂದಿತು.

ಈ ಕಂಪನಿಯ ಹೆಸರನ್ನು ನೆನಪಿಟ್ಟುಕೊಳ್ಳಿ. 1963ರಲ್ಲಿ ಮಹೀಂದ್ರದವರು ಭಾರತದಲ್ಲಿ ಟ್ರಾಕ್ಟರು ತಯಾರಿಕೆಗೆ ಕೈಜೋಡಿಸಿದ್ದು ಇದರೊಡನೆಯೇ. ನಮ್ಮ ಹಿರಿಯರು ಓಡಿಸಿದ ಬಿ-275 ಈ ಕಂಪನಿಯ ವಿನ್ಯಾಸ. ಎಂಟು ಮುಂಗೇರು, ಎರಡು ಹಿಂಗೇರು. ಒಂದೇ ಮನೆತನದ ಎರಡು ಟ್ರಾಕ್ಟರುಗಳು: ಅಲ್ಲಿಗೆ ತೈಲ, ಇಲ್ಲಿಗೆ ಗೇರು.

ಆಗ ನಮ್ಮ ಕಡೆ ಏನಾಗುತ್ತಿತ್ತು? ಕೃಷ್ಣಾ ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿನಲ್ಲಿ ಎರೆಭೂಮಿಯ ಉಳುಮೆ ಎತ್ತುಗಳ ಬಲದ ಮೇಲೆ ನಿಂತಿತ್ತು. ರಾಯಚೂರು 1956ರ ವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳ ಚಹರೆಯನ್ನೇ ಬದಲಿಸಿತು. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪು’ಗಳು ಎದ್ದವು, ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ದೇವದುರ್ಗದ ಪಾಲಿಗೆ ನೀರಾವರಿ ತಡವಾಗಿ ಬಂತು. ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಮುಗಿದದ್ದೇ 1982ರಲ್ಲಿ. ಅದರ ಬಲದಂಡೆ ಕಾಲುವೆ ಹರಿಯುವುದು ಆಮೇಲಿನ ಮಾತು. ಹೀಗಾಗಿ ಅಕ್ಕಪಕ್ಕದ ಎರಡು ತಾಲ್ಲೂಕುಗಳು ಟ್ರಾಕ್ಟರಿನಿಂದ ಬೇರೆ ಬೇರೆ ಕೆಲಸ ಕೇಳಿದವು.

ಎರೆಮಣ್ಣಿನ ಉಳುಮೆ ಎಂದರೆ ಗಂಟೆಗಟ್ಟಲೆ ಒಂದೇ ಸಮನೆ ಎಳೆತ. ಇಂಥ ಕೆಲಸದಲ್ಲಿ ಗೇರಿಗೆ ಸಮನಿಲ್ಲ. ಎಂಜಿನ್ನು ಕೊಟ್ಟ 100 ಪಾಲು ಶಕ್ತಿಯಲ್ಲಿ ಒಳ್ಳೆಯ ಗೇರು ಪೆಟ್ಟಿಗೆ ಸುಮಾರು 90 ಪಾಲನ್ನು ದಾಟಿಸುತ್ತದೆ. ತೈಲದ ದಾರಿಯಲ್ಲಿ 75ರಿಂದ 80 ಪಾಲು ದಾಟಿದರೆ ಹೆಚ್ಚು. ಉಳಿದದ್ದು ತೈಲವನ್ನು ಕಾಯಿಸುವುದರಲ್ಲೇ ಹೋಗುತ್ತದೆ. ನೀವೇ ಲೆಕ್ಕ ಹಾಕಿ: ಗೇರಿನ ಟ್ರಾಕ್ಟರು 100 ಲೀಟರ್ ಡೀಸೆಲ್ಲಿನಲ್ಲಿ ಮಾಡುವ ಉಳುಮೆಗೆ, 90ರ ಬದಲು 75 ಪಾಲು ದಾಟಿಸುವ ಟ್ರಾಕ್ಟರು 120 ಲೀಟರ್ ಕುಡಿಯುತ್ತದೆ. ಸಾಲ ಮಾಡಿ ಟ್ರಾಕ್ಟರು ಕೊಂಡು, ಗಂಟೆಯ ಬಾಡಿಗೆಗೆ ಓಡಿಸಿ ಕಂತು ಕಟ್ಟುವ ಮನೆಗೆ ಆ 20 ಲೀಟರ್ ಸಣ್ಣ ಮಾತಲ್ಲ. ಇಂಧನ ಹೆಚ್ಚು ಕುಡಿಯುತ್ತದೆ ಎಂಬ ಹೆಸರು ಅಮೆರಿಕದಲ್ಲೂ ಅದಕ್ಕೆ ಅಂಟಿಕೊಂಡಿತು.

ಇನ್ನು ರಾಯಚೂರಿನ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಮೊದಲೇ ಕಾಯುವ ತೈಲ ಇನ್ನಷ್ಟು ತೆಳುವಾಗುತ್ತದೆ, ಒಳಗೇ ಸೋರಿ ಬಲ ಕಳೆದುಕೊಳ್ಳುತ್ತದೆ. ಪಂಪಿನ ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ಕೂದಲಿಗಿಂತ ಸಣ್ಣದು. ಧೂಳಿನ ಒಂದು ಕಣ ಹೊಕ್ಕರೂ ಗೀರು ಬೀಳುತ್ತದೆ. ಗೇರು ಪೆಟ್ಟಿಗೆ ಹಾಗಲ್ಲ. ಹಲ್ಲು ಮುರಿದರೆ ತಾಲ್ಲೂಕು ಊರಿನ ಮೆಕ್ಯಾನಿಕ್ಕನೇ ಬಿಚ್ಚಿ ಬೇರೆ ಚಕ್ರ ಹಾಕುತ್ತಾನೆ. ಬಿತ್ತನೆಯ ಹದ ನಾಲ್ಕು ದಿನ ಇರುವಾಗ ಬಿಡಿಭಾಗಕ್ಕೆಂದು ಹತ್ತು ದಿನ ಕಾಯಲಾದೀತೇ? ಮೇಲಾಗಿ ನಮ್ಮ ಟ್ರಾಕ್ಟರು ಅರ್ಧ ಲಾರಿ ಇದ್ದಂತೆ. ಹತ್ತಿ ತುಂಬಿದ ಟ್ರೇಲರನ್ನು ದೇವದುರ್ಗದಿಂದ ರಾಯಚೂರಿಗೆ ಎಳೆಯುವಾಗ ಮೇಲಿನ ಗೇರೇ ಗೆಲ್ಲುತ್ತದೆ.

ಹಾಗಾದರೆ ತೈಲದ ವಿದ್ಯೆ ವ್ಯರ್ಥವೇ? ಹೊಲದ ತಿರುವುಗಳನ್ನು ಎಣಿಸಿ ನೋಡಿ. ಒಂದು ಎಕರೆಯೆಂದರೆ ಸುಮಾರು 4,047 ಚದರ ಮೀಟರ್. ಒಂದೂವರೆ ಮೀಟರ್ ಅಗಲದ ಸಲಕರಣೆಯಿಂದ ಅದನ್ನು ಮುಗಿಸಲು ಸುಮಾರು 2,700 ಮೀಟರ್ ನಡೆಯಬೇಕು. ಸಾಲು 90 ಮೀಟರ್ ಉದ್ದವಿದ್ದರೆ 30 ಸಾಲು, 30 ಮೀಟರ್ ಇದ್ದರೆ 90 ಸಾಲು. ಪ್ರತಿ ಸಾಲಿನ ಕೊನೆಗೆ ಕ್ಲಚ್ಚು, ಗೇರು, ಎಷ್ಟೋ ಸಲ ಹಿಂಗೇರು. ದೇವದುರ್ಗದ ಒಣಬೇಸಾಯದ ಉದ್ದ ಹೊಲದಲ್ಲಿ ಇದು ಲೆಕ್ಕಕ್ಕಿಲ್ಲ. ಬದುಗಳ ನಡುವಿನ ಚಿಕ್ಕ ಮಡಿಗಳಲ್ಲಿ ಕೇಜ್ ವೀಲ್ ಹಾಕಿಕೊಂಡು ಕೆಸರು ಮಾಡುವವನ ಎಡಗಾಲನ್ನು ಕೇಳಬೇಕು. ಮಾನ್ವಿ ಕಾಲುವೆಯ ಕೊನೆಭಾಗದ ಕಡೆಗಿದೆ. ನೀರು ತಡವಾಗಿ ಮುಟ್ಟಿದ ವರ್ಷ ಎಲ್ಲರಿಗೂ ಒಂದೇ ವಾರದಲ್ಲಿ ಟ್ರಾಕ್ಟರು ಬೇಕು. ಆಗ ನಿಮಿಷಗಳಿಗೂ ಬೆಲೆ ಬರುತ್ತದೆ.

ರೋಟವೇಟರಿನದು ಇನ್ನೊಂದು ತೊಡಕು. ಅದರ ಬ್ಲೇಡುಗಳನ್ನು ತಿರುಗಿಸುವ ಹಿಂದಿನ ದಂಡ ನಿಮಿಷಕ್ಕೆ 540 ಸುತ್ತು ತಪ್ಪದೆ ಸುತ್ತಬೇಕು, ಗಾಲಿಗಳು ಮಾತ್ರ ನಿಧಾನವಾಗಬೇಕು. ಒಂಟಿ ಕ್ಲಚ್ಚಿನ ಹಳೆಯ ಟ್ರಾಕ್ಟರಿನಲ್ಲಿ ಕ್ಲಚ್ಚು ಒತ್ತಿದರೆ ಎರಡೂ ನಿಲ್ಲುತ್ತಿದ್ದವು. ಜೋಡಿ ಕ್ಲಚ್ಚು ಬಂದಾಗ ಗಾಲಿಯನ್ನಷ್ಟೇ ನಿಲ್ಲಿಸುವುದು ಸಾಧ್ಯವಾಯಿತು. ನನ್ನ ದೃಷ್ಟಿಯಲ್ಲಿ, ತೈಲದ ದಾರಿ ನಮ್ಮ ಟ್ರಾಕ್ಟರಿಗೆ ಅನಿವಾರ್ಯವಾಗದೆ ಹೋದದ್ದಕ್ಕೆ ಈ ಸಣ್ಣ ಸುಧಾರಣೆಯೂ ಒಂದು ಕಾರಣ.

ಆದರೆ ಭತ್ತ ಕೊಯ್ಯುವ ಯಂತ್ರಕ್ಕೆ ಅದು ಸಾಲಲಿಲ್ಲ. ಪೈರು ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ಮತ್ತೊಂದು ಕಡೆ ನೆಲಕ್ಕೆ ಒರಗಿರುತ್ತದೆ. ಒಕ್ಕುವ ಉರುಳೆ ಒಂದೇ ವೇಗದಲ್ಲಿ ತಿರುಗುತ್ತಿರಬೇಕು. ಯಂತ್ರದ ನಡಿಗೆ ಮಾತ್ರ ಹೆಜ್ಜೆ ಹೆಜ್ಜೆಗೂ ಬದಲಾಗಬೇಕು. ಗೇರಿನ ಮೆಟ್ಟಿಲುಗಳು ಇಲ್ಲಿ ಒರಟು. ಆದ್ದರಿಂದ ಚೈನಿನ ಮೇಲೆ ನಡೆಯುವ ಕಟಾವು ಯಂತ್ರಗಳಲ್ಲಿ, ಕ್ಲಾಸ್ ಕಂಪನಿಯ ಕ್ರಾಪ್ ಟೈಗರ್‌ನಂಥವುಗಳಲ್ಲಿ, ಹೈಡ್ರೋಸ್ಟ್ಯಾಟಿಕ್ ನಡಿಗೆಯೇ ನೆಲೆಯೂರಿತು. ಒಬ್ಬ ಸಣ್ಣ ರೈತ ಅದನ್ನು ಕೊಳ್ಳುವುದಿಲ್ಲ, ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕರೆಸುತ್ತಾನೆ. ಪಂಪಿನ ದುಬಾರಿ ವೆಚ್ಚ ನೂರಾರು ಎಕರೆಗಳ ಮೇಲೆ ಹಂಚಿಹೋಗುತ್ತದೆ. ಅದೇ ಮಣ್ಣು, ಅದೇ ಬಿಸಿಲು, ಅದೇ ಧೂಳು. ಕೆಲಸ ಬೇರೆಯಾದಾಗ ಆಯ್ಕೆಯೂ ಬೇರೆಯಾಯಿತು.

ಇತ್ತೀಚಿನ ಉದಾಹರಣೆಯೊಂದು ಸ್ವಾರಸ್ಯಕರವಾಗಿದೆ. 2023ರಲ್ಲಿ ಮಹೀಂದ್ರ ಕಂಪನಿ ‘ಓಜಾ’ ಎಂಬ ಹಗುರ ಟ್ರಾಕ್ಟರುಗಳನ್ನು ಹೊರತಂದಿತು. ಅವು ತಯಾರಾಗುವುದು ನಮ್ಮ ಬೀದರಿನ ನೆರೆಯ ಜಹೀರಾಬಾದಿನಲ್ಲಿ. ಅಮೆರಿಕಕ್ಕೆ ಹೋಗುವ ಮಾದರಿಗಳಲ್ಲಿ ಹೈಡ್ರೋಸ್ಟ್ಯಾಟಿಕ್ ಉಂಟು. ಅಲ್ಲಿ ಸಣ್ಣ ಟ್ರಾಕ್ಟರಿನ ಕೆಲಸ ಹುಲ್ಲು ಕತ್ತರಿಸುವುದು, ಮಣ್ಣು ಹಿಮ ಎತ್ತಿಹಾಕುವುದು, ಕ್ಷಣಕ್ಕೊಮ್ಮೆ ಹಿಂದೆಮುಂದೆ ಆಡುವುದು. ನಮ್ಮವರಿಗೆ ಕೊಟ್ಟದ್ದು ಹನ್ನೆರಡು ಮುಂಗೇರು, ಹನ್ನೆರಡು ಹಿಂಗೇರು, ಮುಂದಿನಿಂದ ಹಿಂದಕ್ಕೆ ಹೊರಳಿಸಲು ಪ್ರತ್ಯೇಕ ಹಿಡಿ. ಚಿಕ್ಕ ಮಡಿಯ ತಿರುವಿನ ಕಷ್ಟಕ್ಕೆ ಗೇರಿನೊಳಗೇ ಹುಡುಕಿದ ಉಪಾಯ ಅದು.

ಮನೆಯಲ್ಲಿ ಟ್ರಾಕ್ಟರು ಕೊಳ್ಳುವ ಮಾತು ನಡೆದರೆ ನೀವು ಎರಡು ಕೆಲಸ ಮಾಡಬಹುದು. ಮೊದಲನೆಯದು, ವರ್ಷದಲ್ಲಿ ಎಷ್ಟು ಗಂಟೆ ಉಳುಮೆ, ಎಷ್ಟು ಗಂಟೆ ಎಡೆಕುಂಟೆ, ಎಷ್ಟು ಗಂಟೆ ರಸ್ತೆಯ ಓಡಾಟ ಎಂದು ಬರೆದಿಡುವುದು. ಗಂಟೆಗಳು ತೀರ ಕಡಿಮೆಯಾದರೆ, ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರವನ್ನು ಒಮ್ಮೆ ವಿಚಾರಿಸಬೇಕು. ಎರಡನೆಯದು, ಮಧ್ಯಪ್ರದೇಶದ ಬುದ್ನಿಯಲ್ಲಿ 1955ರಿಂದ ಇರುವ ಕೇಂದ್ರ ಸರ್ಕಾರದ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ವರದಿಯನ್ನು ಮಾರಾಟಗಾರರಿಂದ ಕೇಳಿ ಪಡೆಯುವುದು. ಹಿಂದಿನ ದಂಡದಲ್ಲಿ ಸಿಗುವ ಅಶ್ವಶಕ್ತಿ ಎಷ್ಟು, ಎಳೆತಕ್ಕೆ ಸಿಗುವ ಅಶ್ವಶಕ್ತಿ ಎಷ್ಟು, ಎರಡನ್ನೂ ಪಕ್ಕಪಕ್ಕ ಬರೆದು ಕಳೆಯಿರಿ. ಆ ಅಂತರದಲ್ಲಿ ಗಾಲಿ ಜಾರುವುದರಿಂದಾದ ನಷ್ಟವೂ ಸೇರಿದೆ, ಗೇರು ಪೆಟ್ಟಿಗೆ ನುಂಗಿದ ಪಾಲೂ ಸೇರಿದೆ.