ಲಕೋಟೆಯ ಮೇಲಿನ ಅಂಚೆಚೀಟಿಯ ಜಲಚಿಹ್ನೆ

ಅಂಚೆಚೀಟಿಯ ಜಲಚಿಹ್ನೆ, ಅಂದರೆ ವಾಟರ್‌ಮಾರ್ಕ್, ಮುದ್ರಣದಿಂದ ಮೂಡಿದ್ದಲ್ಲ. ಕಾಗದವು ಹಸಿಯಾಗಿರುವಾಗಲೇ ತಂತಿಯ ಆಕೃತಿಯನ್ನು ಒತ್ತಿ, ಆ ಭಾಗವನ್ನು ತೆಳುವಾಗಿಸಿ ಪಡೆದ ಗುರುತು ಅದು. ಬಿಡಿ ಚೀಟಿಯನ್ನು ಕಪ್ಪು ತಟ್ಟೆಯಲ್ಲಿ ಬೋರಲಾಗಿರಿಸಿ ಶೋಧಕ ದ್ರವವನ್ನು ಹನಿಸಿದರೆ ಗುರುತು ಕಪ್ಪಾಗಿ ಎದ್ದು ಕಾಣುತ್ತದೆ. ಲಕೋಟೆಗೆ ಅಂಟಿರುವ ಚೀಟಿಗೆ ಈ ಉಪಾಯ ಸಲ್ಲದು. ನೆನೆಸಿ ಬಿಡಿಸಿದರೆ ಜಲಚಿಹ್ನೆ ದೊರೆಯಬಹುದು, ಆದರೆ ಚೀಟಿಯನ್ನೂ ಲಕೋಟೆಯನ್ನೂ ಒಟ್ಟಿಗೆ ಬೆಸೆದಿದ್ದ ಅಂಚೆಮುದ್ರೆ ಎರಡಾಗಿ ಒಡೆಯುತ್ತದೆ, ವಿಳಾಸದ ಮಸಿಯೂ ಕದಡೀತು. ಒಂದು ಆಧಾರಕ್ಕಾಗಿ ಮೂರನ್ನು ನಾಶಮಾಡುವ ಈ ಕ್ರಮವನ್ನು ಸಂಶೋಧನೆಯೆನ್ನಲಾಗದು.

ವಾಸ್ತವದಲ್ಲಿ ಹಲವೊಮ್ಮೆ ಚೀಟಿಯ ಬೆನ್ನನ್ನು ನೋಡಬೇಕಾದ ಅಗತ್ಯವೇ ಇರುವುದಿಲ್ಲ. ವಿಕ್ಟೋರಿಯಾ ರಾಣಿಯ ಮುಖವುಳ್ಳ ಅರ್ಧ ಆಣೆಯ ನೀಲಿ ಚೀಟಿಯು 1856ರಿಂದ ಜಲಚಿಹ್ನೆಯಿಲ್ಲದ ಕಾಗದದ ಮೇಲೆ ಬಂದಿತು. 1865ರಲ್ಲಿ ಅದೇ ವಿನ್ಯಾಸವು ಆನೆಯ ತಲೆಯ ಜಲಚಿಹ್ನೆಯುಳ್ಳ ಕಾಗದಕ್ಕೆ ಏರಿತು. ಎದುರಿನಿಂದ ಎರಡೂ ಒಂದೇ. ಆದರೆ ಲಕೋಟೆಯ ಮೇಲೆ 1862ರ ಮುದ್ರೆಯಿದ್ದರೆ ಅಲ್ಲಿ ಆನೆಯನ್ನು ಹುಡುಕುವುದು ವ್ಯರ್ಥ. ಐದನೆಯ ಜಾರ್ಜರ ಚೀಟಿಗಳದೂ ಇದೇ ಕಥೆ. ಲಂಡನ್ನಿನಲ್ಲಿ ಅಚ್ಚಾದವು ಒಂಟಿ ನಕ್ಷತ್ರದವು, 1926ರಿಂದ ನಾಸಿಕದಲ್ಲಿ ಅಚ್ಚಾದವು ಬಹುನಕ್ಷತ್ರದವು. 1920ರ ಮುದ್ರೆಯೊಂದೇ ತೀರ್ಪಿಗೆ ಸಾಕು. ತಿಥಿಯುಳ್ಳ ಶಾಸನವಿರುವಾಗ ಲಿಪಿಯಿಂದ ಕಾಲವನ್ನು ಊಹಿಸುವವರಾರು?

ಆದರೆ ಈ ತರ್ಕ ಒಮ್ಮುಖವಾದುದು. 1928ರ ಮುದ್ರೆಯಿಂದ ಬಹುನಕ್ಷತ್ರವೇ ಎಂದು ನಿರ್ಣಯಿಸಲಾಗದು. ಹಳೆಯ ಚೀಟಿಗಳು ಮನೆಯ ಪೆಟ್ಟಿಗೆಗಳಲ್ಲಿ ಉಳಿದು ತಡವಾಗಿ ಬಳಕೆಯಾಗುವುದುಂಟು. ಆಗ ಕಣ್ಣಿಗೇ ಕೆಲಸ. ಕತ್ತಲ ಕೋಣೆಯಲ್ಲಿ ದೀಪವನ್ನು ಕಾಗದದ ಮಟ್ಟಕ್ಕೆ ತಗ್ಗಿಸಿ ಓರೆಯಾಗಿ ಬೆಳಕು ಹಾಯಿಸಿದರೆ, ಮಸಿ ತೆಳುವಾಗಿರುವೆಡೆ ಅಥವಾ ಅಂಚಿನ ಬಿಳಿಯಲ್ಲಿ ಗುರುತಿನ ತಗ್ಗು ಕೆಲವೊಮ್ಮೆ ನೆರಳಾಗಿ ತೋರುತ್ತದೆ. ಒಡೆದ ಲಕೋಟೆಯನ್ನು ಬಿಡಿಸಿ ಹಿಂದಿನಿಂದ ಬೆಳಕು ಹಿಡಿಯುವುದೂ ಉಂಟು. ಅಲ್ಲಿ ಒಂದು ಅಪಾಯವಿದೆ: ಲಕೋಟೆಯ ಕಾಗದಕ್ಕೂ ತನ್ನದೇ ಜಲಚಿಹ್ನೆಯಿದ್ದರೆ ಅದನ್ನೇ ಚೀಟಿಯದೆಂದು ಓದಿಬಿಡಬಹುದು. ದಪ್ಪ ರಟ್ಟಿನ ಅಂಚೆಕಾರ್ಡಿನಲ್ಲಿ ಹಿಂಬೆಳಕು ಅಷ್ಟಾಗಿ ನಡೆಯದು.

ಕಾಣದಿರುವುದು ಇಲ್ಲದಿರುವುದಕ್ಕೆ ಸಾಕ್ಷಿಯೂ ಅಲ್ಲ. 1854ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಚ್ಚಿನಿಂದ ಮುದ್ರಿತವಾದ ಚೀಟಿಗಳ ಕಾಗದದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಾಂಛನವು ಇಡೀ ಹಾಳೆಗೆ ಹರಡಿಕೊಂಡಿತ್ತು. ಬಿಡಿ ಚೀಟಿಗೆ ಅದರ ಒಂದು ಗೆರೆ ಬಂದರೆ ಬಂದಿತು, ಇಲ್ಲವಾದರೆ ಇಲ್ಲ. ಅಂಥ ಲಕೋಟೆಯ ಪಟ್ಟಿಕೆಯಲ್ಲಿ ‘ಜಲಚಿಹ್ನೆ ಪರೀಕ್ಷಿತವಲ್ಲ’ ಎಂದು ಬರೆದಿಡುವುದೇ ಪ್ರಾಮಾಣಿಕ ಬರಹ.