ಬಡ್ಡಿ ಬೇಡ ಸರಿ, ಲೆಕ್ಕವೂ ಬೇಡವೇ?

ಠಾಣೆಯಿಂದ ಕಲ್ಯಾಣದ ಕಡೆಗೆ ಸ್ಲೋ ಲೋಕಲ್ ಹತ್ತಿದರೆ ಕಳ್ವಾ ಆದ ಮೇಲೆ ಮುಂಬ್ರಾ ಸಿಗುತ್ತದೆ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಖಾಡಿ, ನಡುವೆ ಒತ್ತೊತ್ತಾಗಿ ನಿಂತ ಕಟ್ಟಡಗಳು. 1992-93ರ ಮುಂಬೈ ಗಲಭೆಗಳ ನಂತರ ಸಾವಿರಾರು ಮುಸ್ಲಿಂ ಕುಟುಂಬಗಳು ಇಲ್ಲಿಗೆ ಬಂದು ನೆಲೆಸಿದವು. ಸಣ್ಣದೊಂದು ಊರು ನೋಡನೋಡುತ್ತ ಪಟ್ಟಣವಾಯಿತು. ಮಧ್ಯಾಹ್ನ ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಇಲ್ಲಿಯ ಯಾವುದೇ ಮೊಹಲ್ಲಾದೊಳಗೆ ಹೋಗಿ ನೋಡಿ, ಒಂದಲ್ಲ ಒಂದು ಮನೆಯಲ್ಲಿ ‘ಭಿಶಿ’ ನಡೆಯುತ್ತಿರುತ್ತದೆ.

ಭಿಶಿ ಅಂದರೆ ಏನು ಅಂತ ನೀವು ಕೇಳಬಹುದು. ಹನ್ನೆರಡು ಹೆಂಗಸರು ಸೇರುತ್ತಾರೆ ಅಂತಿಟ್ಟುಕೊಳ್ಳಿ. ತಿಂಗಳಿಗೆ ತಲಾ 1,000 ರೂಪಾಯಿ. ಚೀಟಿ ಎತ್ತಿದಾಗ ಯಾರ ಹೆಸರು ಬಂತೋ ಅವರಿಗೆ ಆ ತಿಂಗಳ 12,000 ರೂಪಾಯಿ. ವರ್ಷ ಮುಗಿಯುವುದರೊಳಗೆ ಎಲ್ಲರಿಗೂ ಒಂದೊಂದು ಸಲ ಸಿಗುತ್ತದೆ. ಯಾರಿಗೂ ಲಾಭವಿಲ್ಲ, ನಷ್ಟವೂ ಇಲ್ಲ. ನಮ್ಮೂರ ಕಡೆಯ ಚೀಟಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಊರ ಚೀಟಿಯಲ್ಲಿ ಹರಾಜು ಕೂಗುತ್ತಾರೆ, ತುರ್ತು ಇರುವವರು ಕಡಿಮೆ ಮೊತ್ತಕ್ಕೆ ಒಪ್ಪಿ ಎತ್ತುತ್ತಾರೆ, ಉಳಿದದ್ದು ಮಿಕ್ಕವರಿಗೆ ಹಂಚಿಕೆಯಾಗುತ್ತದೆ. ಬಡ್ಡಿ ಅನ್ನುವ ಪದ ಇಲ್ಲದಿದ್ದರೂ ಅದರ ವಾಸನೆ ಅಲ್ಲಿದೆ. ಭಿಶಿಯಲ್ಲಿ ಅದಿಲ್ಲ. ಹಾಗಾಗಿ ಯಾವ ಮೌಲ್ವಿಯವರನ್ನೂ ಕೇಳದೆ ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಇದನ್ನು ನಡೆಸಿಕೊಂಡು ಬಂದಿದ್ದಾರೆ.

ಆದರೆ ವರ್ಷ ಮುಗಿದರೆ ಗುಂಪೂ ಮುಗಿಯಿತು. ಹಿಂದೆ ಏನೂ ಉಳಿಯುವುದಿಲ್ಲ, ಒಂದು ಪುಸ್ತಕ ಕೂಡ. ನಾನು ಈ ಲೇಖನ ಬರೆಯಲು ಕೂತದ್ದೇ ಆ ಇಲ್ಲದ ಪುಸ್ತಕಕ್ಕಾಗಿ. ಧರ್ಮದ ನಂಬಿಕೆಯ ಮೇಲೆ ಕಟ್ಟಿದ ಸ್ವಸಹಾಯ ಗುಂಪುಗಳು ಬಡತನ ಕಡಿಮೆ ಮಾಡುತ್ತವೆಯೇ ಅನ್ನುವ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಎಲ್ಲಿ ಅವು ಉಳಿದವು, ಎಲ್ಲಿ ಸತ್ತವು ಅಂತ ಹಿಂದಕ್ಕೆ ಹೋಗಿ ನೋಡಬೇಕು.

ಕತೆ ಶುರುವಾಗುವುದು ನಮ್ಮಲ್ಲಲ್ಲ, ಜರ್ಮನಿಯಲ್ಲಿ. 1846-47ರ ಚಳಿಗಾಲದಲ್ಲಿ ಬರ ಬಿದ್ದು ರೈನ್ ಪ್ರದೇಶದ ಹಳ್ಳಿಗಳು ಹಸಿವಿನಲ್ಲಿದ್ದವು. ಅಲ್ಲಿ ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್ ಎಂಬ ಮೇಯರ್ ಇದ್ದರು, ದೈವಭಕ್ತ ಕ್ರೈಸ್ತರು. ಉಳ್ಳವರಿಂದ ಹಣ ಎತ್ತಿ ಬಡವರಿಗೆ ಬ್ರೆಡ್ ಒದಗಿಸುವ ಸಂಘವೊಂದನ್ನು ಕಟ್ಟಿದರು. ಮುಂದೆಯೂ ಅಂಥವೇ ಸಂಘಗಳನ್ನು ಕಟ್ಟಿದರು. ಕ್ರಮೇಣ ಅವರಿಗೆ ಒಂದು ವಿಷಯ ಗೊತ್ತಾಯಿತು: ದಾನಿಗಳ ಉತ್ಸಾಹ ಕೆಲವೇ ವರ್ಷದ್ದು. 1864ರಲ್ಲಿ ಹೆಡ್ಡೆಸ್‌ಡೋರ್ಫ್‌ನಲ್ಲಿ ಕಟ್ಟಿದ ಸಾಲ ಸಂಘದಲ್ಲಿ ಸಾಲ ಪಡೆಯುವ ರೈತರೇ ಸದಸ್ಯರು, ಅವರೇ ಹೊಣೆಗಾರರು. ಒಬ್ಬ ಕಟ್ಟದಿದ್ದರೆ ಎಲ್ಲರೂ ಕಟ್ಟಬೇಕು. ಸಂಘದ ವ್ಯಾಪ್ತಿ ಒಂದು ಚರ್ಚಿನ ಊರಿನಷ್ಟು ಮಾತ್ರ. ಯಾರು ಕುಡಿಯುತ್ತಾರೆ, ಯಾರು ದುಡಿಯುತ್ತಾರೆ ಅಂತ ಎಲ್ಲರಿಗೂ ಗೊತ್ತಿರುವಷ್ಟು ಸಣ್ಣ ಜಾಗ.

ಇದನ್ನು ಅಧ್ಯಯನ ಮಾಡಲು ಮದ್ರಾಸ್ ಸರಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯುರೋಪಿಗೆ ಕಳಿಸಿತು. ಅವರ ದಪ್ಪ ವರದಿಯ ನಂತರ 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಗದಗದ ಪಕ್ಕದ ಕಣಗಿನಹಾಳ ಎಂಬ ಹಳ್ಳಿಯಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಶುರು ಮಾಡಿದರು. ದೇಶದ ಸಹಕಾರ ಚಳವಳಿಯ ಮೊದಲ ಹೆಜ್ಜೆ ಅಂತ ಇದನ್ನು ಗುರುತಿಸುತ್ತಾರೆ. ಆಗ ಗದಗವೂ ಠಾಣೆಯೂ ಒಂದೇ ಮುಂಬೈ ಪ್ರಾಂತ್ಯದಲ್ಲಿದ್ದವು ಅನ್ನುವುದನ್ನು ನಾವು ಮರೆತಿದ್ದೇವೆ.

1906 ನಮ್ಮವರ ಪಾಲಿಗೆ ದೊಡ್ಡ ವರ್ಷ. ಆ ವರ್ಷದ ಮಾರ್ಚ್ 12ರಂದು ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದ್ದೂರರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಆರಂಭಿಸಿದರು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಪೆಟ್ಟಿಗೆಯಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಆ 2 ಪೈಯನ್ನು ಗಮನಿಸಿ. ನೂರು ವರ್ಷ ದಾಟಿದರೂ ನಮಗೆ ಆ ಮೊತ್ತ ಗೊತ್ತಿದೆ, ಏಕೆಂದರೆ ಅದನ್ನು ಯಾರೋ ಬರೆದಿಟ್ಟಿದ್ದರು. ಈ ಸಂಸ್ಥೆಯೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು, 2020ರ ಏಪ್ರಿಲ್‌ನಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ಲೀನವಾಯಿತು. ಬಡ್ಡಿಯ ಬ್ಯಾಂಕ್ ಒಂದನ್ನು ಹಾಜಿಯೊಬ್ಬರು ಕಟ್ಟಿದರಲ್ಲ ಅಂತ ಮುಖ ಸಿಂಡರಿಸುವವರು ನಮ್ಮಲ್ಲಿ ಇದ್ದಾರೆ. ನಾನು ಆ ಚರ್ಚೆಗೆ ಹೋಗುವುದಿಲ್ಲ. ನಮ್ಮ ಮಕ್ಕಳ ಪಾಠಗಳಲ್ಲಿ ಅವರ ಹೆಸರೇ ಇಲ್ಲದಿರುವುದು ಮಾತ್ರ ನನಗೆ ಬೇಸರ ತರಿಸುತ್ತದೆ.

ಅದೇ ವರ್ಷ ಡಿಸೆಂಬರ್ 27ರಂದು ಮುಂಬೈಯಲ್ಲಿ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು ತಮ್ಮ ಗುರು ಶ್ಯಾಮರಾವ್ ವಿಠ್ಠಲ್ ಅವರ ಹೆಸರಿನಲ್ಲಿ ಸಹಕಾರಿ ಸಂಘ ಕಟ್ಟಿದರು. ಕೆನರಾ ಕರಾವಳಿಯಿಂದ ಬಂದ ಸಾರಸ್ವತ ಗುಮಾಸ್ತರು ಸಾಹುಕಾರರ ಬಾಗಿಲಿಗೆ ಹೋಗಬಾರದು ಅನ್ನುವುದೇ ಅದರ ಉದ್ದೇಶ. 1915ರಲ್ಲಿ ಅದೇ ತಲ್ಮಕಿಯವರ ಮುಂದಾಳತ್ವದಲ್ಲಿ ಗಾಂವ್‌ದೇವಿಯಲ್ಲಿ ಸಹಕಾರಿ ವಸತಿ ಸಂಘವೂ ಬಂತು. ಆಮೇಲೆ ಸಾಲು ಹಿಡಿಯಿತು. 1912ರಲ್ಲಿ ಮಂಗಳೂರಿನ ಕ್ಯಾಥೊಲಿಕರ ಸಾಲ ಸಂಘ, 1946ರಲ್ಲಿ ಮೊಗವೀರರದು, 1978ರಲ್ಲಿ ಬಿಲ್ಲವರ ಭಾರತ್ ಬ್ಯಾಂಕ್. ಮುಸ್ಲಿಮರೂ ಹಿಂದೆ ಬಿದ್ದಿರಲಿಲ್ಲ. ಬಾಂಬೆ ಮರ್ಕಂಟೈಲ್ ಸಹಕಾರಿ ಬ್ಯಾಂಕ್ 1939ರದು. ಮಠ, ಇಗರ್ಜಿ, ಜಾತಿ ಸಂಘ, ಮಾರುಕಟ್ಟೆ, ಬೇರು ಯಾವುದೇ ಇರಲಿ, ಹಡಗು ಹತ್ತಿ ಬಂದು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರ ಹಣ ಇಂಥ ಕಡೆಗಳಲ್ಲಿ ಕೂಡಿ, ಊರಿನ ಮನೆಯ ಹುಲ್ಲಿನ ಮಾಡು ಹಂಚಿನದಾಯಿತು. ಪಟ್ಟಣದಲ್ಲಿ ಕೂಡಿಟ್ಟ ಹಣ ಹಳ್ಳಿಯ ಬಡತನ ಕಳೆಯುವ ದಾರಿ ಅದಾಗಿತ್ತು.

ಇನ್ನು ಬಡ್ಡಿ ಮುಟ್ಟುವುದಿಲ್ಲ ಅನ್ನುವವರು ಏನು ಮಾಡಿದರು? ಸುಮ್ಮನೆ ಕೂರಲಿಲ್ಲ. ಉತ್ತರಪ್ರದೇಶದ ಟಾಂಡಾ ಬಾವಲಿಯಲ್ಲಿ 1941ರಲ್ಲೇ ಮುಸ್ಲಿಂ ಫಂಡ್ ಇತ್ತು. ದೇವಬಂದ್‌ನದು 1961ರದು, ಹೈದರಾಬಾದಿನ ತೂರ್ ಬೈತುಲ್ ಮಾಲ್ 1966ರದು. ವಿಧಾನ ಸರಳ. ಜನ ಹಣವನ್ನು ಅಮಾನತ್ತಾಗಿ ಇಡುತ್ತಾರೆ, ಬಡ್ಡಿ ಪಡೆಯುವುದಿಲ್ಲ. ಬೇಕಾದವರು ಒಡವೆ ಅಡವಿಟ್ಟು ಸಾಲ ಪಡೆಯುತ್ತಾರೆ, ಬಡ್ಡಿ ಕೊಡುವುದಿಲ್ಲ. ಕಚೇರಿ ಖರ್ಚಿಗೆ ಬೇಕಾದಷ್ಟನ್ನು ಮಾತ್ರ ಸಾಲಗಾರರು ಹಂಚಿಕೊಳ್ಳುತ್ತಾರೆ. ಮುಂಬೈಯಲ್ಲೂ 1970ರ ದಶಕದಲ್ಲಿ ಬೈತುನ್ನಸ್ರ್ ಎಂಬ ಬಡ್ಡಿರಹಿತ ಸಹಕಾರಿ ಸಂಘ ಹುಟ್ಟಿತು, ಶಾಖೆಗಳನ್ನು ತೆರೆದು ದೊಡ್ಡದಾಗಿ ಬೆಳೆಯಿತು, ಕೊನೆಗೆ ಬಾಗಿಲು ಮುಚ್ಚಿತು.

ಹಳ್ಳಿಗಳಲ್ಲಿ ಇಂದು ನಾವು ಕಾಣುವ ಸ್ವಸಹಾಯ ಗುಂಪಿನ ಹುಟ್ಟಿನಲ್ಲಿ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದ ನಡುವಿನಲ್ಲಿ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರಿ ಸಂಘಗಳು ಕುಸಿದವು. ಆಗ ಪರಸ್ಪರ ನಂಬಿಕೆಯಿದ್ದ ಹತ್ತಿಪ್ಪತ್ತು ಜನ ತಾವೇ ಸಣ್ಣ ಗುಂಪುಗಳಾದರು. ನಬಾರ್ಡ್ 1992ರಲ್ಲಿ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ನೋಂದಣಿ ಇಲ್ಲದ ಗುಂಪಿಗೂ ಬ್ಯಾಂಕ್ ಖಾತೆ ಸಿಗುವಂತಾಯಿತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲೇ ಬೆಳ್ತಂಗಡಿ ತಾಲೂಕಿನಲ್ಲಿ ಶುರುವಾಗಿತ್ತು. ಅದರ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಒಬ್ಬರ ಹೊಲದಲ್ಲಿ ಎಲ್ಲರೂ ಸೇರಿ ದುಡಿಯುತ್ತಾರೆ. ಹಣ ಇಲ್ಲದವನ ಬಳಿಯೂ ರಟ್ಟೆ ಇದೆ ಅನ್ನುವ ಲೆಕ್ಕ ಅದು. ಕರಾವಳಿಯಲ್ಲಿ ಇಂಥ ಗುಂಪುಗಳಿಗೆ ನಮ್ಮ ಹೆಣ್ಣುಮಕ್ಕಳೂ ಸೇರಿದರು. ಬಡ್ಡಿಯ ಕಾರಣಕ್ಕೆ ಸೇರದವರು ಮೀಟರ್ ಬಡ್ಡಿಯವನ ಕೈಗೆ ಸಿಕ್ಕಿದ್ದೂ ಉಂಟು. ಹರಾಮಿನಿಂದ ತಪ್ಪಿಸಿಕೊಳ್ಳಲು ಹೋಗಿ ಅದಕ್ಕಿಂತ ದೊಡ್ಡ ಹರಾಮಿಗೆ ಬಿದ್ದಂತೆ.

ಈಗ ಕೋಲಾರಕ್ಕೆ ಬರೋಣ. ವಿದ್ಯಾರ್ಥಿಗಳು ಈ ಭಾಗವನ್ನು ನಿಧಾನವಾಗಿ ಓದಿ.

ಕೋಲಾರ, ಶಿಡ್ಲಘಟ್ಟ, ರಾಮನಗರ ರೇಷ್ಮೆಯ ಊರುಗಳು. ಹಳ್ಳಿಯ ರೈತ ಬೆಳೆದ ಗೂಡಿನಿಂದ ನೂಲು ತೆಗೆಯುವ ಕೆಲಸದಲ್ಲಿ ಮುಸ್ಲಿಂ ಕುಟುಂಬಗಳು ಬಹಳ. ಸಚಾರ್ ಸಮಿತಿಯ 2006ರ ವರದಿ ಹೇಳಿದ ಹಾಗೆ, ಮುಸ್ಲಿಮರು ಹೆಚ್ಚಿರುವ ಕೆಲವು ಪ್ರದೇಶಗಳನ್ನು ಕೆಲ ಬ್ಯಾಂಕುಗಳು ಸಾಲಕ್ಕೆ ಅಯೋಗ್ಯ ಅಂತಲೇ ಗುರುತಿಸಿದ್ದವು. ಆ ಖಾಲಿ ಜಾಗಕ್ಕೆ ಮೈಕ್ರೋಫೈನಾನ್ಸ್ ಕಂಪನಿಗಳು ನುಗ್ಗಿದವು. ಒಬ್ಬಳೇ ಹೆಣ್ಣುಮಗಳ ಹೆಸರಿನಲ್ಲಿ ಹಲವು ಕಂಪನಿಗಳ ಸಾಲ. ವಾರ ವಾರ ಕಂತು. ಅಷ್ಟರಲ್ಲಿ ರೇಷ್ಮೆ ವ್ಯಾಪಾರ ಕುಸಿಯಿತು. 2009ರ ಆರಂಭದಲ್ಲಿ ಕೋಲಾರದ ಅಂಜುಮನ್, ಮುಸ್ಲಿಂ ಸಾಲಗಾರರು ಇನ್ನು ಕಂತು ಕಟ್ಟಬಾರದು ಅಂತ ಹೇಳಿತು. ವಸೂಲಿಯ ಒತ್ತಡ, ಬಡ್ಡಿ, ಹೊರಗಿನ ಗಂಡಸರ ಮುಂದೆ ಹೆಂಗಸರ ವಾರದ ಸಭೆ, ಹೀಗೆ ದೂರುಗಳು ಹಲವು. ಮಾತು ಊರಿಂದೂರಿಗೆ ಹಬ್ಬಿತು, ಸಾವಿರಾರು ಸಾಲಗಳ ಕಂತು ನಿಂತವು.

ಅಂಜುಮನ್ ಮಾಡಿದ್ದು ತಪ್ಪೇ? ಒತ್ತಡದ ವಸೂಲಿಯನ್ನು ತಡೆದದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಬಲವಂತದ ವಸೂಲಿಯ ವಿರುದ್ಧ ಕರ್ನಾಟಕ ಸರಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ, ಹದಿನಾರು ವರ್ಷ ಕಳೆದ ಮೇಲೆ. ಆದರೆ ಮರುದಿನ ಗೂಡು ಕೊಳ್ಳಲು ಹಣ ಬೇಕಾದ ಹೆಂಗಸು ಎಲ್ಲಿಗೆ ಹೋಗಬೇಕಿತ್ತು? ಕಂಪನಿಗಳು ಹೊಸ ಸಾಲ ನಿಲ್ಲಿಸಿದವು. ಪ್ರಾಮಾಣಿಕವಾಗಿ ಕಟ್ಟುತ್ತಿದ್ದವರಿಗೂ ಬಾಗಿಲು ಮುಚ್ಚಿತು. ಒಂದು ಮಾತಿಗೆ ಸಾವಿರಾರು ಜನ ಕಂತು ನಿಲ್ಲಿಸುವಷ್ಟು ನಂಬಿಕೆಯನ್ನು ಸಮುದಾಯದ ಸಂಸ್ಥೆಯೊಂದು ಗಳಿಸಿತ್ತು. ಅದೇ ನಂಬಿಕೆಯ ಮೇಲೆ ವಾರಕ್ಕೆ ಹತ್ತು ರೂಪಾಯಿಯ ಉಳಿತಾಯ ಗುಂಪುಗಳನ್ನು ಹತ್ತು ವರ್ಷ ಮೊದಲೇ ಕಟ್ಟಬಹುದಿತ್ತು. ನಿಲ್ಲಿಸಿ ಅನ್ನುವುದಕ್ಕೆ ಒಂದು ಜುಮಾ ಸಾಕು, ಗುಂಪು ಕಟ್ಟುವುದಕ್ಕೆ ವರ್ಷಗಟ್ಟಲೆ ಬೇಕು.

ನಂಬಿಕೆಯ ಇನ್ನೊಂದು ಮುಖವನ್ನು ನಾವು 2019ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ನೋಡಿದೆವು. ಹಲಾಲ್ ಲಾಭ ಕೊಡುತ್ತೇವೆ ಅಂದ ಐಎಂಎ ಕುಸಿಯಿತು, ಅದರ ಮುಖ್ಯಸ್ಥ ದೇಶ ಬಿಟ್ಟುಹೋಗಿ ಜುಲೈಯಲ್ಲಿ ವಾಪಸಾದಾಗ ಬಂಧನವಾಯಿತು. ಹತ್ತಾರು ಸಾವಿರ ಜನ ದೂರು ಕೊಟ್ಟರು. ಮಗಳ ಮದುವೆಗೆ ಇಟ್ಟದ್ದು, ನಿವೃತ್ತಿಯಲ್ಲಿ ಬಂದದ್ದು, ಹಜ್‌ಗೆ ಕೂಡಿಟ್ಟದ್ದು. ಮುಂಬ್ರಾದ ಹೆಂಗಸು ಭಿಶಿಯ ಹನ್ನೆರಡು ಮುಖಗಳನ್ನೂ ಬಲ್ಲಳು. ಐಎಂಎಗೆ ಹಣ ಕೊಟ್ಟವನಿಗೆ ತನ್ನ ಹಣ ಎಲ್ಲಿ ಹೋಗುತ್ತಿದೆ ಅಂತ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ‘ಹಲಾಲ್’ ಎಂಬ ಒಂದು ಪದ ಲೆಕ್ಕದ ಪುಸ್ತಕದ ಜಾಗದಲ್ಲಿ ಕೂತುಬಿಟ್ಟಿತ್ತು.

ಕುರ್‌ಆನಿನ ಅತ್ಯಂತ ದೀರ್ಘ ವಚನ ಯಾವುದರ ಬಗ್ಗೆ ಇದೆ ಗೊತ್ತಾ? ಸಾಲದ ವ್ಯವಹಾರದ ಬಗ್ಗೆ. ಅಲ್‌ಬಕರ ಅಧ್ಯಾಯದ 282ನೇ ವಚನ. ಅವಧಿಯ ಸಾಲ ಸಣ್ಣದಿರಲಿ ದೊಡ್ಡದಿರಲಿ ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳು ಇರಬೇಕು ಅನ್ನುವ ಸೂಚನೆ ಅಲ್ಲಿದೆ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲದಲ್ಲಿ ಸಿಕ್ಕಿಬಿದ್ದವರೂ ಒಂದು. ಬಡ್ಡಿ ನಿಷಿದ್ಧ ಅನ್ನುವುದು ನಮ್ಮ ಮದ್ರಸಾದ ಮಗುವಿಗೂ ಗೊತ್ತು. ಬರೆದಿಡುವ ಮಾತು ಎಷ್ಟು ಜನರಿಗೆ ಗೊತ್ತಿದೆ?

ಬಡತನ ಹೋಗುತ್ತದೆಯೇ ಅನ್ನುವ ಪ್ರಶ್ನೆ ಹಾಗೇ ಉಳಿದಿದೆ. ಸಣ್ಣ ಸಾಲಗಳ ಬಗ್ಗೆ ಹೈದರಾಬಾದ್ ಸೇರಿ ಆರು ದೇಶಗಳಲ್ಲಿ ನಡೆದ ಅಧ್ಯಯನಗಳು 2015ರಲ್ಲಿ ಒಟ್ಟಿಗೆ ಪ್ರಕಟವಾದವು. ಸಾಲ ಕೆಲವರಿಗೆ ವ್ಯಾಪಾರ ವಿಸ್ತರಿಸಲು ನೆರವಾಗುತ್ತದೆ, ಆದರೆ ಸರಾಸರಿ ಕುಟುಂಬವನ್ನು ಬಡತನದಿಂದ ಮೇಲೆತ್ತುವುದಿಲ್ಲ ಅನ್ನುವುದು ಅವುಗಳ ಸಾರ. ನನಗೇನೂ ಆಶ್ಚರ್ಯವಾಗಲಿಲ್ಲ. ಬಡವರ ಮನೆ ಮುಳುಗುವುದು ಹೆಚ್ಚಾಗಿ ಒಂದು ಆಸ್ಪತ್ರೆ ಬಿಲ್ಲಿನಿಂದ, ಒಂದು ಸತ್ತ ಹಸುವಿನಿಂದ, ಮುರಿದ ಮಗ್ಗದಿಂದ. ಆ ರಾತ್ರಿ ಸಾಹುಕಾರನ ಬಾಗಿಲಿಗೆ ಹೋಗದ ಹಾಗೆ ನೋಡಿಕೊಂಡರೆ ಗುಂಪು ತನ್ನ ಕೆಲಸ ಮಾಡಿದಂತೆ. ನೌಕರಿ, ಭೂಮಿ, ಶಾಲೆ ಇವುಗಳ ಕೆಲಸವನ್ನು ಹನ್ನೆರಡು ಹೆಂಗಸರ ಮೇಲೆ ಹೊರಿಸಿ ಸರಕಾರ ಕೈತೊಳೆದುಕೊಳ್ಳುವುದು ಬೇಡ. ಬಡ್ಡಿರಹಿತ ಬ್ಯಾಂಕಿಂಗ್ ಬೇಕು ಅಂತ ರಘುರಾಮ್ ರಾಜನ್ ಸಮಿತಿ 2008ರಲ್ಲಿ ಶಿಫಾರಸು ಮಾಡಿತ್ತು, 2017ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಮುಂದುವರಿಸುವುದಿಲ್ಲ ಅಂದಿತು. ಹಾಗಾಗಿ ಸದ್ಯಕ್ಕೆ ಮೇಲಿನಿಂದ ಏನೂ ಬರುವುದಿಲ್ಲ.

ಮುಂಬ್ರಾದ ಭಿಶಿಗೆ ವಾಪಸಾಗಿ ಒಂದು ಸಣ್ಣ ಲೆಕ್ಕ ಹಾಕಿ. 1,000 ರೂಪಾಯಿಯ ಜೊತೆ ಪ್ರತಿಯೊಬ್ಬರೂ 50 ರೂಪಾಯಿ ಹೆಚ್ಚು ಹಾಕಿದರೆ ತಿಂಗಳಿಗೆ 600, ವರ್ಷಕ್ಕೆ 7,200. ಇದನ್ನು ಹಂಚಬೇಡಿ. ಭಿಶಿಯ ಸುತ್ತು ಮುಗಿದರೂ ಇದು ಗುಂಪಿನ ಹೆಸರಲ್ಲಿ ಉಳಿಯಲಿ, ಕಷ್ಟ ಬಂದವರಿಗೆ ಕರ್ಝೆ ಹಸನ್ ಆಗಿ ಹೋಗಿ ಕಂತಿನಲ್ಲಿ ವಾಪಸ್ ಬರಲಿ. ಊರಲ್ಲಿರುವ ಅಕ್ಕತಂಗಿಯರು ಇದನ್ನೇ ವಾರಕ್ಕೆ ಹತ್ತು ರೂಪಾಯಿಯಲ್ಲಿ ಶುರು ಮಾಡಬಹುದು. ಪ್ರತಿ ಸಭೆಯಲ್ಲಿ ಹಿಂದಿನ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು, ಓದು ಬರದವರಿಗೂ ಕೇಳುವ ಹಾಗೆ. ಹಳೆಯ ಸ್ವಸಹಾಯ ಗುಂಪುಗಳಲ್ಲಿ ಇನ್ನೊಂದು ಪದ್ಧತಿ ಇದೆ: ಹಣದ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ. ಯಾರ ಮನೆಯಲ್ಲಿ ಯಾವುದು ಅನ್ನುವುದನ್ನು ಮೊದಲ ಸಭೆಯಲ್ಲೇ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.