ಏಕ್ರನ್ ಆಸ್ಪತ್ರೆಯ ಹೂವಿನ ಕೋಣೆ

ಮದ್ಯವನ್ನು ಇನ್ನು ಮುಟ್ಟುವುದಿಲ್ಲವೆಂದು ದೇವರ ಪೀಠದ ಮುಂದೆ ಪ್ರಮಾಣ ಮಾಡಿದವರನ್ನು ನಾವೆಲ್ಲರೂ ಕಂಡಿದ್ದೇವೆ. ತಪಸ್ಸುಕಾಲದ ಆ ಪ್ರಮಾಣವು ಪಾಸ್ಕ ಹಬ್ಬದ ಮರುದಿನವೇ ಮುರಿದುಬಿದ್ದುದನ್ನೂ ಕಂಡಿದ್ದೇವೆ. ಅಂಥವರನ್ನು ಮನೋಬಲವಿಲ್ಲದವರೆಂದು ಜರೆಯುವುದು ಸುಲಭ. ಆದರೆ ಮದ್ಯತ್ಯಾಗದ ಚರಿತ್ರೆಯನ್ನು ಅವಲೋಕಿಸಿದಾಗ, ಕುಡಿತವನ್ನು ಬಿಡುವುದು ಒಂದು ಕಾರ್ಯ, ಬಿಟ್ಟದ್ದನ್ನು ಇಪ್ಪತ್ತು ಮೂವತ್ತು ವರ್ಷಗಳವರೆಗೆ ಬಿಟ್ಟೇ ಇರುವುದು ಬೇರೆಯೇ ಒಂದು ಕಾರ್ಯ ಎಂಬುದು ಮನದಟ್ಟಾಗುತ್ತದೆ.

ಐರ್ಲೆಂಡಿನ ಕಾರ್ಕ್ ನಗರದಲ್ಲಿ ಕಪುಚಿನ್ ಸಭೆಯ ವಂದನೀಯ ಥಿಯೊಬಾಲ್ಡ್ ಮ್ಯಾಥ್ಯೂ ಅವರು 1838ರ ಏಪ್ರಿಲ್ ತಿಂಗಳಲ್ಲಿ ಪೂರ್ಣ ಮದ್ಯವರ್ಜನೆಯ ಚಳವಳಿಯನ್ನು ಆರಂಭಿಸಿದರು. ಕೆಲವೇ ವರ್ಷಗಳಲ್ಲಿ ಲಕ್ಷೋಪಲಕ್ಷ ಜನರು ಅವರ ಮುಂದೆ ಮೊಣಕಾಲೂರಿ ಪ್ರತಿಜ್ಞೆ ಕೈಗೊಂಡರು. ಆದರೆ 1845ರಿಂದ ಭೀಕರ ಕ್ಷಾಮ ಬಂದೆರಗಿತು. 1856ರಲ್ಲಿ ಸ್ವಾಮಿಗಳು ದೈವಾಧೀನರಾಗುವ ವೇಳೆಗೆ ಆ ಮಹಾಚಳವಳಿಯ ಬಲ ಕುಂದಿತ್ತು. ಪ್ರತಿಜ್ಞೆ ಕೊಡಿಸುವುದಕ್ಕೆ ಸ್ವಾಮಿಗಳಿದ್ದರು, ಮರುದಿನ ಸಂಜೆ ಬಾಯಾರಿದವನ ಪಕ್ಕದಲ್ಲಿ ಕುಳಿತುಕೊಳ್ಳುವುದಕ್ಕೆ ಯಾರೂ ಇರಲಿಲ್ಲವೆಂದು ನಮಗೆ ತೋರುತ್ತದೆ. ಅದೇ 1856ರಲ್ಲಿ ಡಬ್ಲಿನ್ನಿನಲ್ಲಿ ಹುಟ್ಟಿದ ಕೂಲಿಕಾರ ಮ್ಯಾಟ್ ಟಾಲ್ಬಟ್ 1884ರಲ್ಲಿ ಕೈಗೊಂಡ ಪ್ರತಿಜ್ಞೆ ಮೊದಲು ಮೂರೇ ತಿಂಗಳಿನದಾಗಿತ್ತು. ಅದು 1925ರಲ್ಲಿ ಅವರು ಸಾಯುವವರೆಗೆ, ನಲವತ್ತೊಂದು ವರ್ಷ ಉಳಿಯಿತು. ಅವಧಿ ಚಿಕ್ಕದಿದ್ದಷ್ಟೂ ಪ್ರತಿಜ್ಞೆಗೆ ಆಯುಷ್ಯ ಹೆಚ್ಚೇನೋ!

ಈಗ ಅಮೆರಿಕದ ಓಹಾಯೊ ಸಂಸ್ಥಾನದ ಏಕ್ರನ್ ನಗರಕ್ಕೆ ಬರೋಣ. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬವರು ವ್ಯಾಪಾರದ ಕೆಲಸಕ್ಕಾಗಿ ಅಲ್ಲಿಗೆ ಬಂದು, ಕೆಲಸ ಕೆಟ್ಟು, ಹೋಟೆಲಿನ ಹಜಾರದಲ್ಲಿ ಒಬ್ಬರೇ ನಿಂತಿದ್ದರು. ಕುಡಿತ ಬಿಟ್ಟು ಐದು ತಿಂಗಳು ಮಾತ್ರ ಕಳೆದಿತ್ತು. ಒಂದು ಕಡೆ ಮದ್ಯದಂಗಡಿಯ ಗದ್ದಲ, ಇನ್ನೊಂದು ಕಡೆ ದೂರವಾಣಿ. ತಾನು ಉಳಿಯಬೇಕಾದರೆ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕೆಂದು ಅವರಿಗೆ ಹೊಳೆಯಿತು. ಊರಿನ ಪಾದ್ರಿಯೊಬ್ಬರಿಗೆ ದೂರವಾಣಿ ಮಾಡಿದ್ದರ ಫಲವಾಗಿ ಮರುದಿನ ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಯಾಯಿತು. ಹದಿನೈದು ನಿಮಿಷಕ್ಕಿಂತ ಹೆಚ್ಚು ಕೂರಲಾರೆನೆಂದು ಬಂದ ವೈದ್ಯರು ರಾತ್ರಿ ಹನ್ನೊಂದರವರೆಗೆ ಕುಳಿತರು. ಉಪದೇಶಿಸುವವರನ್ನು ಅವರು ಬೇಕಾದಷ್ಟು ಕಂಡಿದ್ದರು. ತನ್ನ ಸೋಲನ್ನೇ ಹೇಳಿಕೊಳ್ಳುವವನನ್ನು ಕಂಡಿರಲಿಲ್ಲ. ಅನಂತರವೂ ಅವರು ಒಮ್ಮೆ ಜಾರಿದರು. ಅವರ ಕೊನೆಯ ಕುಡಿತದ ದಿನವೆಂದು ಹೇಳಲಾಗುವ 1935ರ ಜೂನ್ 10ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್', ಅಂದರೆ ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಕೂಟದ ಜನ್ಮದಿನವೆಂದು ಎಣಿಸುತ್ತಾರೆ.

ಆ ಕಾಲದಲ್ಲಿ ಕುಡುಕರಿಗೆ ಆಸ್ಪತ್ರೆಗಳ ಬಾಗಿಲು ಮುಚ್ಚಿತ್ತು. ಏಕ್ರನ್ನಿನ ಸಂತ ಥಾಮಸರ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲು ಮಾಡಿಕೊಳ್ಳುವ ಮೇಜಿನ ಹಿಂದೆ ಭಗಿನಿ ಇಗ್ನೇಷಿಯಾ ಎಂಬ ಕೃಶಕಾಯದ ಸಂನ್ಯಾಸಿನಿ ಕುಳಿತಿರುತ್ತಿದ್ದರು. ಐರ್ಲೆಂಡಿನಲ್ಲಿ 1889ರಲ್ಲಿ ಹುಟ್ಟಿದ ಅವರು ಮೊದಲು ಸಂಗೀತದ ಶಿಕ್ಷಕಿ. ದುಡಿಮೆಯ ಭಾರದಿಂದ ಆರೋಗ್ಯ ಕುಸಿದುದರಿಂದ ಈ ಹಗುರವಾದ ಕೆಲಸಕ್ಕೆ ನಿಯುಕ್ತರಾಗಿದ್ದರು. ಸ್ವತಃ ಮುರಿದುಬಿದ್ದು ಎದ್ದವರಾದ್ದರಿಂದಲೇ ಮುರಿದವರ ಗುರುತು ಅವರಿಗೆ ಹತ್ತಿತೆಂದು ಊಹಿಸಿದರೆ ತಪ್ಪಾಗಲಾರದು. 1939ರ ಆಗಸ್ಟ್ 16ರಂದು ಡಾ. ಸ್ಮಿತ್ ಒಬ್ಬ ಕುಡುಕನನ್ನು ತಂದಾಗ, ಭಗಿನಿಯವರು ಪುಸ್ತಕದಲ್ಲಿ 'ಜಠರದ ತೀವ್ರ ಉರಿಯೂತ' ಎಂದು ಬರೆದು ಒಳಗೆ ಸೇರಿಸಿಕೊಂಡರು. ಅದನ್ನು ಸುಳ್ಳೆನ್ನಬೇಕೇ? ಆ ಮನುಷ್ಯನ ಜಠರವೂ ನೆಟ್ಟಗಿರಲಿಕ್ಕಿಲ್ಲ! ಮರುದಿನ ವೈದ್ಯರು, ಇವನೊಡನೆ ಮಾತಾಡಲು ಜನರು ಬರುತ್ತಾರೆ, ಏಕಾಂತವಾದ ಸ್ಥಳ ಬೇಕೆಂದರು. ಬೇರೆ ಸ್ಥಳವಿಲ್ಲದೆ, ರೋಗಿಗಳಿಗೆ ಬಂದ ಹೂಗಳನ್ನು ಜೋಡಿಸಿಡುವ ಚಿಕ್ಕ ಕೋಣೆಗೆ ಅವನ ಮಂಚವನ್ನು ತಳ್ಳಿದರು. ಬಂದವರೆಲ್ಲರೂ ಕುಡಿತ ಬಿಟ್ಟವರು; ಮಾತಾಡಿದ್ದೆಲ್ಲ ತಮ್ಮ ತಮ್ಮ ಕಥೆಯನ್ನೇ.

ಕಾಲಕ್ರಮದಲ್ಲಿ ಅದೊಂದು ಪ್ರತ್ಯೇಕ ವಿಭಾಗವೇ ಆಯಿತು. ವೈದ್ಯರೂ ಭಗಿನಿಯವರೂ ಕೂಡಿ ಸುಮಾರು 5,000 ಮಂದಿಯನ್ನು ಉಪಚರಿಸಿದರೆಂದು ಹೇಳುತ್ತಾರೆ. ಬಿಡುಗಡೆಯಾಗಿ ಹೊರಟವನ ಕೈಯಲ್ಲಿ ಭಗಿನಿಯವರು ಯೇಸುವಿನ ಪವಿತ್ರ ಹೃದಯದ ಒಂದು ಲಾಂಛನವನ್ನಿಟ್ಟು, ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಇದನ್ನು ತಂದು ತನಗೆ ಒಪ್ಪಿಸಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದರು. ಇದರ ಮರ್ಮವನ್ನು ಗಮನಿಸಬೇಕು. ಜೀವಮಾನದ ಪ್ರತಿಜ್ಞೆಯನ್ನು ಅವರು ಕೇಳಲಿಲ್ಲ. ಲೋಟಕ್ಕೂ ತುಟಿಗೂ ನಡುವೆ ಒಬ್ಬ ಮನುಷ್ಯಳ ಮುಖವನ್ನು ಇಟ್ಟರು.

ಕೂಟದವರ ಕ್ರಮವೂ ಇದೇ. ಇವತ್ತೊಂದು ದಿನ ಕುಡಿಯುವುದಿಲ್ಲವೆಂಬ ಸಂಕಲ್ಪ, ಸಭೆಗೆ ತಪ್ಪದೆ ಹೋಗುವುದು, ಹೊಸಬನೊಬ್ಬನ ಕೈಹಿಡಿಯುವುದು. 1939ರಲ್ಲಿ ಪ್ರಕಟವಾದ ಅವರ ಗ್ರಂಥದ ಹನ್ನೆರಡು ಮೆಟ್ಟಿಲುಗಳಲ್ಲಿ ಆತ್ಮಪರಿಶೋಧನೆ, ತಪ್ಪೊಪ್ಪಿಗೆ, ನೊಂದವರಿಗೆ ಪರಿಹಾರ, ಪ್ರಾರ್ಥನೆ ಎಲ್ಲವೂ ಇವೆ. 1940ರ ಚಳಿಗಾಲದ ಒಂದು ರಾತ್ರಿ ಯೇಸುಸಭೆಯ ವಂದನೀಯ ಎಡ್ವರ್ಡ್ ಡೌಲಿಂಗ್ ಕೋಲೂರಿಕೊಂಡು ಬಿಲ್ಲರ ಮನೆಬಾಗಿಲಿಗೆ ಬಂದು, ಈ ಮೆಟ್ಟಿಲುಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆಯನ್ನು ಪ್ರಸ್ತಾಪಿಸಿದರು. ಬಿಲ್ಲರಿಗೆ ಆ ಸಾಧನೆಗಳ ಪರಿಚಯವೇ ಇರಲಿಲ್ಲ! ಇಷ್ಟರಿಂದ ಕೂಟವನ್ನು ನಮ್ಮದೆಂದು ಹೇಳಿಕೊಳ್ಳುವುದು ಸಲ್ಲದು. ಅದು ಪ್ರೊಟೆಸ್ಟಂಟ್ ಬಳಗವೊಂದರಿಂದ ಕವಲೊಡೆದದ್ದು. ಬಿಲ್ ಮುಂದೆ ಫುಲ್ಟನ್ ಶೀನ್ ಅವರಲ್ಲಿ ಧರ್ಮೋಪದೇಶ ಪಡೆದರೂ ಕಥೋಲಿಕರಾಗಲಿಲ್ಲ. ದೇವರನ್ನು ಅವರವರು ಅರಿತಂತೆ ನಂಬಲಿ ಎಂದು ಬಿಟ್ಟುದರಿಂದಲೇ 1957ರಲ್ಲಿ ಈ ಕೂಟ ನಮ್ಮ ದೇಶಕ್ಕೆ ಕಾಲಿಟ್ಟಾಗ ಯಾವ ಮತದವನಿಗೂ ಬಾಗಿಲಲ್ಲಿ ತಡೆಯಾಗಲಿಲ್ಲ.

ಡಾ. ಸ್ಮಿತ್ 1950ರ ನವೆಂಬರಿನಲ್ಲಿ ತೀರಿಕೊಂಡರು. ಕುಡಿಯದೆ ಹದಿನೈದು ವರ್ಷ. ಬಿಲ್ 1971ರಲ್ಲಿ ತೀರಿಕೊಂಡರು, ಮೂವತ್ತಾರು ವರ್ಷ. 1952ರಲ್ಲಿ ಕ್ಲೀವ್‌ಲೆಂಡಿಗೆ ವರ್ಗವಾದ ಭಗಿನಿ ಇಗ್ನೇಷಿಯಾ ಅಲ್ಲಿಯೂ ಒಂದು ವಿಭಾಗವನ್ನು ಕಟ್ಟಿ ಈ ಸೇವೆಯನ್ನು ಮುಂದುವರಿಸಿ, 1966ರಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಹೆಸರು ಮೆರೆಸಬಾರದೆಂಬುದು ಕೂಟದ ನಿಯಮವಷ್ಟೆ. ಭಗಿನಿಯವರು ಹೊಸ ವಿಭಾಗಕ್ಕೆ 'ರೋಸರಿ ಹಾಲ್ ಸೊಲೇರಿಯಂ' ಎಂದು ಜಪಮಾಲೆಯ ಹೆಸರನ್ನಿಟ್ಟರು. ಅದರ ಮೂರು ಮೊದಲಕ್ಷರಗಳನ್ನು ಕೂಡಿಸಿ ಓದಿದವರಿಗೆ ಮಾತ್ರ ಅಲ್ಲಿ ರಾಬರ್ಟ್ ಹಾಲ್‌ಬ್ರೂಕ್ ಸ್ಮಿತ್ ಕಾಣಿಸುತ್ತಿದ್ದರು.